ಮಳೆ ನಕ್ಷತ್ರಗಳನ್ನು ಆಕಾಶದಲ್ಲಿ ಗುರುತಿಸುವುದು ಹೇಗೆ?

ರೋಹಿಣಿ, ಮೃಗಶಿರಾ, ಆರಿದ್ರಾ ಎಂದೊಡನೆ ನಮಗೆ ನೆನಪಾಗುವುದು ಮಳೆ. ಜೂನ್ 22ರ ಸುಮಾರಿಗೆ ಸೂರ್ಯನು ಆರಿದ್ರಾ ನಕ್ಷತ್ರವನ್ನು ಪ್ರವೇಶಿಸಿದಾಗ ಆರಿದ್ರಾ ಮಳೆ ಹುಟ್ಟುತ್ತದೆ. ಆದರೆ ಆಗ ಆ ನಕ್ಷತ್ರವು ಹಗಲಿನ ಆಕಾಶದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹೆಸರಿನಿಂದಷ್ಟೇ ಬಲ್ಲ ಇವುಗಳನ್ನು ಕಣ್ಣಾರೆ ನೋಡಲು ಜನವರಿಯೇ ತಕ್ಕ ತಿಂಗಳು.

ಮೊದಲು, ಅಮಾವಾಸ್ಯೆಯ ಆಸುಪಾಸಿನ ಒಂದು ದಿನ, ಬೀದಿದೀಪದ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯದ ತಾರಸಿಯನ್ನೋ ಹೊಲದ ಅಂಚನ್ನೋ ಆರಿಸಿಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಕಾದದ್ದೆಲ್ಲ ವ್ಯರ್ಥ. ಟಾರ್ಚ್ ಬೇಕೇ ಬೇಕೆಂದರೆ ಅದರ ಗಾಜಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ.

ತಿಂಗಳ ನಡುವಿನಲ್ಲಿ ರಾತ್ರಿ 8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ, ದಿಗಂತಕ್ಕೂ ನೆತ್ತಿಗೂ ನಡುವೆ, ಅರ್ಧಕ್ಕಿಂತ ತುಸು ಮೇಲೆ, ಸಾಲಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ (ಓರಿಯನ್) ನಡುಪಟ್ಟಿ. ಉಳಿದುದಕ್ಕೆಲ್ಲ ಅದೇ ದಾರಿ. ಕೈ ಚಾಚಿ ಆಕಾಶಕ್ಕೆ ಹಿಡಿದ ಒಂದು ಗೇಣು ಸುಮಾರು 20 ಡಿಗ್ರಿ. ಪಟ್ಟಿಯ ಗೆರೆಯನ್ನು ಗೇಣಿಗಿಂತ ತುಸು ಹೆಚ್ಚು ಮೇಲಕ್ಕೆ ಎಳೆದರೆ ಕಿತ್ತಳೆ ಛಾಯೆಯ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಅಷ್ಟೇ ಕೆಳಕ್ಕೆ ಎಳೆದರೆ ಥಳಥಳಿಸುವ ಲುಬ್ಧಕ (ಸಿರಿಯಸ್) ನಕ್ಷತ್ರ.

ಪಟ್ಟಿಯ ಎಡಕ್ಕೆ, ಆರುತ್ತಿರುವ ಕೆಂಡದಂತೆ ಕಾಣುವುದೇ ಆರಿದ್ರಾ. ಅದರ ಸಮೀಪದಲ್ಲಿ ಒತ್ತೊತ್ತಾಗಿರುವ ಮೂರು ಮಂಕು ಚುಕ್ಕೆಗಳು ಮೃಗಶಿರಾ. ಆರಿದ್ರಾದ ಬೆಳಕು ಸ್ಥಿರವಲ್ಲ. 2020ರ ಫೆಬ್ರುವರಿಯಲ್ಲಿ, ತಾನೇ ಉಗುಳಿದ ಧೂಳು ಅಡ್ಡ ಬಂದು, ಅದು ರೋಹಿಣಿಗಿಂತಲೂ ಮಂಕಾಗಿತ್ತು. ಆದ್ದರಿಂದ ಪ್ರತಿ ಬಾರಿಯೂ ಎರಡನ್ನೂ ಹೋಲಿಸಿ, ಯಾವುದು ಪ್ರಕಾಶಮಾನವೆಂದು ದಿನಾಂಕದೊಂದಿಗೆ ಬರೆದಿಡಿ. ಹವ್ಯಾಸಿಗಳು ಮಾಡಬಹುದಾದ ನಿಜವಾದ ಖಗೋಳ ಕೆಲಸವಿದು, ದೂರದರ್ಶಕವೂ ಬೇಡ.

ಬೈನಾಕ್ಯುಲರ್ ಇದ್ದರೆ, 10 ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ್ದು ಧಾರಾಳವಾಯಿತು. ಬರಿಗಣ್ಣಿಗೆ ಆರೇಳು ಚುಕ್ಕೆಗಳಾಗಿದ್ದ ಕೃತ್ತಿಕೆ ಅದರಲ್ಲಿ ಹತ್ತಾರು ನೀಲಿ ಕಿಡಿಗಳಾಗಿ ಚದುರುತ್ತದೆ. ನಡುಪಟ್ಟಿಯ ಬಲಕ್ಕೆ ಉಸಿರಿನ ಹಬೆಯಷ್ಟು ತೆಳುವಾದ ಮಬ್ಬೊಂದಿದೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಆ ನೀಹಾರಿಕೆಯನ್ನು, ಎಂದರೆ ಅನಿಲ ಮತ್ತು ಧೂಳಿನ ಮೋಡವನ್ನು, ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಅದರ ಅಂಚು ಅರಳಿದಂತೆ ತೋರುತ್ತದೆ. 10 ಗಂಟೆಯ ಹೊತ್ತಿಗೆ ಇವೆಲ್ಲ ಹೆಚ್ಚುಕಡಿಮೆ ನೆತ್ತಿಗೇರುವುದರಿಂದ, ಕುತ್ತಿಗೆ ನೋಯುವ ಮೊದಲೇ ಚಾಪೆ ಹಾಸಿ ಅಂಗಾತ ಮಲಗಿ ನೋಡಿ.