ಕಡ್ಡಿ ಹಿಡಿದು ಸುಮ್ಮನಿರುವ ಕೆಲಸ

ಬ್ರೈನ್‌ಸ್ಪಾಟಿಂಗ್ ಅಂದರೆ ಕಣ್ಣನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಆಘಾತದ ನೆನಪಿನ ಸಂಕಟ ಇಳಿಸಲು ನೋಡುವ ಮಾನಸಿಕ ಚಿಕಿತ್ಸೆ. ನಾನು ಇದನ್ನು ಮಾಡುತ್ತೇನೆ ಅಂದ ಕೂಡಲೇ ‘ಹಿಪ್ನಾಟಿಸಂ ಥರಾನಾ ಮೇಡಂ?’ ಅಂತ ಕೇಳುವವರೇ ಜಾಸ್ತಿ. ಅಲ್ಲ. ನೀವು ಪೂರ್ತಿ ಎಚ್ಚರವಾಗಿರುತ್ತೀರಿ. ಬೇಡ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು.

ಇದು 2003ರಲ್ಲಿ ನ್ಯೂಯಾರ್ಕಿನ ಚಿಕಿತ್ಸಕ ಡೇವಿಡ್ ಗ್ರ್ಯಾಂಡ್ ಅವರಿಗೆ ಹೊಳೆದದ್ದು. ಅವರು ಮೊದಲು ಇಎಂಡಿಆರ್ ಅನ್ನುವ, ಆಘಾತದ ನೆನಪಿಗೆ ಕೊಡುವ ಇನ್ನೊಂದು ಚಿಕಿತ್ಸೆ ಮಾಡುತ್ತಿದ್ದರು. ಅದರಲ್ಲಿ ಚಿಕಿತ್ಸಕರ ಬೆರಳನ್ನು ಹಿಂಬಾಲಿಸುತ್ತಾ ಕಣ್ಣು ಎಡಕ್ಕೂ ಬಲಕ್ಕೂ ಓಡಾಡುತ್ತಿರಬೇಕು. ಒಬ್ಬ ಐಸ್ ಸ್ಕೇಟಿಂಗ್ ಆಟಗಾರ್ತಿಯ ಕಣ್ಣು ಒಂದು ಕಡೆ ತಡವರಿಸಿ ನಿಂತುಬಿಟ್ಟಿತು. ಗ್ರ್ಯಾಂಡ್ ತಮ್ಮ ಬೆರಳನ್ನು ಅಲ್ಲೇ ಹಿಡಿದರು. ಅದುವರೆಗೆ ಬಾರದ ನೆನಪುಗಳು ಹೊರಗೆ ಬಂದವು.

ನನ್ನ ಬಳಿ ಬಂದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ರಸ್ತೆ ಅಪಘಾತವಾದ ಮೇಲೆ ಲಾರಿ ಹಾರ್ನ್ ಕೇಳಿದರೆ ಅವರ ಕೈ ಬೆವರುತ್ತಿತ್ತು.

‘ಸಂಕಟ ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ?’

‘ಎಂಟು ಮೇಡಂ.’

‘ಮೈಯಲ್ಲಿ ಎಲ್ಲಿ ಗೊತ್ತಾಗ್ತಿದೆ?’

‘ಗಂಟಲಲ್ಲಿ. ಯಾರೋ ಹಿಸುಕಿದ ಹಾಗೆ.’

ನನ್ನ ಪಾಯಿಂಟರ್ ಹಳೇ ರೇಡಿಯೋ ಆಂಟೆನಾದಂತೆ ಎಳೆದು ಉದ್ದ ಮಾಡುವ ಕಡ್ಡಿ. ಅವರ ಕಣ್ಣಿನ ಮಟ್ಟದಲ್ಲಿ ಅದನ್ನು ನಿಧಾನವಾಗಿ ಸರಿಸಿದೆ. ಅವರು ನೋಡುವುದು ಕಡ್ಡಿಯ ತುದಿ, ನಾನು ನೋಡುವುದು ಅವರ ಮುಖ. ಬಲಗಡೆ ಒಂದು ಜಾಗಕ್ಕೆ ಬಂದಾಗ ರೆಪ್ಪೆ ಪಟಪಟ ಬಡಿಯಿತು, ಉಗುಳು ನುಂಗಿದರು. ದಾಟಿ ಹೋಗಿ ವಾಪಸ್ ಬಂದೆ. ಮತ್ತೆ ಅಲ್ಲೇ ಹಾಗಾಯಿತು. ಆಮೇಲೆ ಕಡ್ಡಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುವುದು. ಸ್ವಲ್ಪ ಕೆಳಗಿಳಿಸಿದಾಗ ‘ಇಲ್ಲಿ ಜಾಸ್ತಿ’ ಅಂದರು. ಅಲ್ಲೇ ನಿಲ್ಲಿಸಿದೆ.

ಆಮೇಲಿನದು ಸುಮ್ಮನಿರುವುದು. ಮಾತಾಡಿಯೇ ಸಂಬಳ ತಗೊಳ್ಳುವ ನಮ್ಮಂಥವರಿಗೆ ಇದೇ ಕಷ್ಟ! ಅವರ ಹೆಡ್‌ಫೋನಿನಲ್ಲಿ ಒಂದು ಕಿವಿಯಿಂದ ಇನ್ನೊಂದಕ್ಕೆ ಹರಿದಾಡುವ ಮೆಲ್ಲನೆಯ ಸಂಗೀತವಿತ್ತು. ‘ಡೀಸೆಲ್ ವಾಸನೆ’ ಅಂದರು. ಅತ್ತರು. ಭುಜ ನಡುಗಿತು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಕಡ್ಡಿಯನ್ನೂ ಕದಲಿಸಲಿಲ್ಲ. ಆಮೇಲೆ ದೊಡ್ಡ ಆಕಳಿಕೆ ಬಂತು, ಉಸಿರು ಹೊಟ್ಟೆಗೆ ಇಳಿಯಿತು. ಕೊನೆಗೆ ಕೇಳಿದಾಗ ‘ಮೂರು’ ಅಂದರು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಇಎಂಡಿಆರ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಬ್ರೈನ್‌ಸ್ಪಾಟಿಂಗ್ ಬಗ್ಗೆ ಸಂಶೋಧನೆ ಇನ್ನೂ ಕಡಿಮೆ. ಮೆದುಳಿನ ಆಳದಲ್ಲಿ ಏನಾಗುತ್ತದೆ ಅನ್ನುವುದು ಸದ್ಯಕ್ಕೆ ಊಹೆಯೇ. ಇದನ್ನು ಶುರುವಿಗೆ ಮುಂಚೆಯೇ ಹೇಳಿಬಿಡುತ್ತೇನೆ. ಸಾಯುವ ಯೋಚನೆ ಇರುವವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ವಿಡಿಯೋ ನೋಡಿಕೊಂಡು ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಮುಗಿದ ಮೇಲೆ ಕೆಲವರಿಗೆ ತಲೆ ಭಾರವಾಗಿ ನಿದ್ದೆ ಎಳೆಯುತ್ತದೆ. ಅದಕ್ಕೇ ಸೆಷನ್ನಿಗೆ ಗಾಡಿ ತರಬೇಡಿ, ಆಟೋದಲ್ಲಿ ಬನ್ನಿ ಅಂತ ಫೋನಲ್ಲೇ ಹೇಳಿರುತ್ತೇನೆ.