ಫ್ರೀಬಿಎಸ್‌ಡಿಯಲ್ಲಿ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಸರಿಹೋದ ಬಗೆ

ಹಳೆಯ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ 14 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಇಂಟೆಲ್ ಗ್ರಾಫಿಕ್ಸ್ ಇರುವ ಯಂತ್ರ. ಡೆಸ್ಕ್‌ಟಾಪ್ ಬಂತು, ಆದರೆ ಪರದೆಯ ಬೆಳಕು ಕಡಿಮೆ ಮಾಡಲು ಆಗಲಿಲ್ಲ, ವಿಡಿಯೋ ಹಾಕಿದರೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು.

ಕಾರಣ ಸರಳ. ಗ್ರಾಫಿಕ್ಸ್ ಡ್ರೈವರ್ ಮೂಲ ವ್ಯವಸ್ಥೆಯ ಜೊತೆ ಬರುವುದಿಲ್ಲ. ಲಿನಕ್ಸ್ ಕರ್ನೆಲ್‌ನಿಂದ (ಅಂದರೆ ಆ ವ್ಯವಸ್ಥೆಯ ತಿರುಳಿನಿಂದ) ತಂದ ಡ್ರೈವರ್‌ಗಳು 'ಡಿಆರ್‌ಎಂ-ಕೆಮಾಡ್' ಎಂಬ ಪ್ಯಾಕೇಜಿನಲ್ಲಿ ಬೇರೆಯಾಗಿ ಸಿಗುತ್ತವೆ. ಅದನ್ನು ಹಾಕಿಕೊಂಡೆ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್ ಆದ 'ಐ915ಕೆಎಂಎಸ್' ಮಾಡ್ಯೂಲನ್ನು, ಬೂಟ್‌ನ ಶುರುವಿನಲ್ಲೇ ಓದುವ 'ಲೋಡರ್.ಕಾನ್ಫ್' ಕಡತದಲ್ಲಿ ಬರೆದೆ. ಬೂಟ್ ಆಗುವಾಗಲೇ ಯಂತ್ರ ನಿಂತುಬಿಟ್ಟಿತು. ಆ ಹೊತ್ತಿಗೆ ಇದನ್ನು ಲೋಡ್ ಮಾಡುವುದು ತೀರಾ ಬೇಗ ಆಗುತ್ತದೆ. ಯುಎಸ್‌ಬಿಯಿಂದ ಬೂಟ್ ಮಾಡಿ ಆ ಸಾಲು ಅಳಿಸಿದೆ. ಮಾಡ್ಯೂಲನ್ನು 'ಆರ್‌ಸಿ.ಕಾನ್ಫ್' ಕಡತದ 'ಕೆಎಲ್‌ಡಿ_ಲಿಸ್ಟ್'ಗೆ, ಅಂದರೆ ಬೂಟ್‌ನಲ್ಲಿ ಆಮೇಲೆ ಲೋಡ್ ಆಗುವವುಗಳ ಪಟ್ಟಿಗೆ ಸೇರಿಸಿದೆ. ಬೂಟ್ ಆಗುತ್ತಿದ್ದಂತೆ ಅಕ್ಷರಗಳು ಒಮ್ಮೆಲೇ ಸಣ್ಣದಾಗಿ, ಚೂಪಾಗಿ ಕಂಡವು. ತುಂಬಾ ಖುಷಿಯಾಯಿತು!

ಆದರೂ ವಿಡಿಯೋ ನಿಧಾನವೇ. ಚಿತ್ರ ಬಿಡಿಸುತ್ತಿರುವುದು ಯಾವುದು ಎಂದು ತೋರಿಸುವ 'ಜಿಎಲ್‌ಎಕ್ಸ್‌ಇನ್ಫೋ' ಆದೇಶ ಓಡಿಸಿದಾಗ 'ಎಲ್‌ಎಲ್‌ವಿಎಂಪೈಪ್' ಎಂದಿತು. ಅಂದರೆ ಚಿತ್ರ ಬಿಡಿಸುವ ಕೆಲಸ ಇನ್ನೂ ಸಿಪಿಯು ಮೇಲೇ ಇತ್ತು. ನನ್ನ ಬಳಕೆದಾರ ಹೆಸರು, ಗ್ರಾಫಿಕ್ಸ್ ಬಳಸಲು ಅನುಮತಿ ಇರುವ 'ವಿಡಿಯೋ' ಗುಂಪಿನಲ್ಲಿ ಇರಲಿಲ್ಲ, ಅಷ್ಟೇ. ಸೇರಿಸಿ ಮತ್ತೆ ಲಾಗಿನ್ ಆದೆ, ಇಂಟೆಲ್ ಹೆಸರು ಬಂತು.

ಒಂದು ಮಾತು: 14.0ಯಿಂದ 14.1ಕ್ಕೆ ಹೋದಂತೆ ಆವೃತ್ತಿ ಬದಲಾದಾಗ, ಸಿದ್ಧ ಪ್ಯಾಕೇಜು ಕೆಲ ಕಾಲ ಹಳೆಯ ಕರ್ನೆಲ್‌ಗೇ ಕಟ್ಟಿದ್ದಾಗಿರಬಹುದು. ಆಗ ಮಾಡ್ಯೂಲ್ ಲೋಡ್ ಆಗದಿದ್ದರೆ ಸುಮ್ನೆ ಒದ್ದಾಡಬೇಡಿ, ಪೋರ್ಟ್ಸ್‌ನಿಂದ (ಮೂಲ ಕೋಡ್‌ನಿಂದ ತಂತ್ರಾಂಶ ಕಟ್ಟುವ ಫ್ರೀಬಿಎಸ್‌ಡಿಯ ಸಂಗ್ರಹ) ನೀವೇ ಕಂಪೈಲ್ ಮಾಡಿಕೊಳ್ಳಿ.