ಪರದೆಯ ವಿಡಿಯೊ ಮಾಡಿ 'ಕಾ' ಸರಿಮಾಡಿಸಿದ್ದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆಗ ವಿಂಡೋಸ್ ಬದಲು ಉಬುಂಟು 18.04 ಇತ್ತು. ಒಂದು ದಿನ ಎಂಟನೇ ಕ್ಲಾಸಿನ ಹುಡುಗಿ, "ಸರ್, ಇದರಲ್ಲಿ ಕಾಸರಗೋಡು ಅಂತ ಬರೆಯಲಿಕ್ಕೇ ಆಗ್ತಾ ಇಲ್ಲ" ಅಂದಳು. ನೋಡಿದರೆ ನಿಜ. ನಾವು ಕಲಿಸುವ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷಿನ K ಕೀ ಒತ್ತಿ E ಕೀ ಒತ್ತಿದರೆ 'ಕಾ' ಬರಬೇಕು, ಅಲ್ಲಿ ಎತ್ವ ಬಂದು ಕೂರುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಎಲ್ಲ ಸರಿ.

ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಅವರು ಮಲಯಾಳಿ, ಕನ್ನಡ ಓದಲು ಬರುವುದಿಲ್ಲ. ನನ್ನ ಮಲಯಾಳ ಬಸ್ಸು, ಪೇಟೆಗೆ ಸಾಕು, ಆದರೆ ಯಾವ ಅಕ್ಷರಕ್ಕೆ ಯಾವ ಅಕ್ಷರ ಬರ್ತಿದೆ ಅಂತ ಕನ್ನಡ ಗೊತ್ತಿಲ್ಲದವರಿಗೆ ಫೋನಿನಲ್ಲಿ ಹೇಗೆ ಹೇಳುವುದು? "ಮಾಷೇ, ಇವಿಡೆ ಕುಳಪ್ಪಮಿಲ್ಲ" ಅಂದರು, ಅಂದರೆ ಅವರ ಸಿಸ್ಟಮ್‌ನಲ್ಲಿ ತೊಂದರೆ ಏನೂ ಇಲ್ಲ. ಎರಡು ದಿನ ಹೀಗೇ ಹೋಯಿತು.

ಕೊನೆಗೆ ಪರದೆಯನ್ನೇ ವಿಡಿಯೊ ಮಾಡಿ ಕಳಿಸೋಣ ಅನಿಸಿತು. ಆ ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆಗೆ ಆರ್ ಒತ್ತಿದರೆ ರೆಕಾರ್ಡಿಂಗ್ ಶುರು. ಮೊದಲ ವಿಡಿಯೊ ಅರ್ಧಕ್ಕೇ ನಿಂತಿತ್ತು. ನನ್ನ ಕೈತಪ್ಪು ಅಂದುಕೊಂಡು ಮತ್ತೆ ಮಾಡಿದೆ, ಅದೂ ಅಷ್ಟಕ್ಕೇ. ಆಮೇಲೆ ಗೊತ್ತಾಯಿತು, ಅದು ತಾನಾಗಿ 30 ಸೆಕೆಂಡಿಗೆ ನಿಲ್ಲುತ್ತದೆ. ಕಮಾಂಡ್ ಬರೆಯುವ ಕಿಟಕಿ ಟರ್ಮಿನಲ್‌ನಲ್ಲಿ, ಸೆಟ್ಟಿಂಗ್ ಬದಲಿಸುವ ಜಿಸೆಟ್ಟಿಂಗ್ಸ್ ಕಮಾಂಡ್ ಕೊಟ್ಟು 300 ಸೆಕೆಂಡಿಗೆ ಏರಿಸಿದೆ.

ಇನ್ನೊಂದು ಕೊರತೆ ಇತ್ತು. ವಿಡಿಯೊದಲ್ಲಿ ತಪ್ಪು ಅಕ್ಷರ ಕಾಣುತ್ತದೆ, ಹುಡುಗಿ ಒತ್ತಿದ ಕೀ ಯಾವುದು ಅಂತ ಕಾಣುವುದಿಲ್ಲ. ಟೈಪಿಂಗ್ ತೊಂದರೆಗೆ ಅದೇ ಮುಖ್ಯ ಅಲ್ವಾ? ಸ್ಕ್ರೀನ್‌ಕೀ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಇದೆ, ಒತ್ತಿದ ಕೀಗಳನ್ನು ಪರದೆಯ ಕೆಳಗೆ ದೊಡ್ಡದಾಗಿ ತೋರಿಸುತ್ತದೆ. ಅದನ್ನು ಹಾಕಿಕೊಂಡೆ. ಟೈಪ್ ಮಾಡುವ ಸಾಫ್ಟ್‌ವೇರ್ ರೈಟರ್ ಬಿಟ್ಟು ಉಳಿದದ್ದೆಲ್ಲ ಮುಚ್ಚಿದೆ, ಅಕ್ಷರ ದೊಡ್ಡದು ಮಾಡಿದೆ. ಭಾಷೆ ಬದಲಿಸುವ ಮೆನು ತೆರೆಯುವುದರಿಂದಲೇ ಶುರು ಮಾಡು, ಒಂದೊಂದು ಕೀ ಒತ್ತಿದ ಮೇಲೂ ಸ್ವಲ್ಪ ನಿಲ್ಲು ಅಂತ ಹುಡುಗಿಗೆ ಹೇಳಿದೆ. ಅವಸರ ಮಾಡಿದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಆ ವಿಡಿಯೊದ ವೆಬ್‌ಎಂ ಫೈಲನ್ನು ಟೆಕ್ನಿಷಿಯನ್‌ಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಅವರು ಕನ್ನಡ ಅಕ್ಷರ ನೋಡಲೇ ಇಲ್ಲ, ಮೆನು ನೋಡಿದ್ದರು. ಅದರಲ್ಲಿ ಕನ್ನಡ ಎರಡು ಸಲ ಇತ್ತು. ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಇಂಗ್ಲಿಷ್ ಉಚ್ಚಾರದಂತೆ ಬರೆಯುವ ಐಟ್ರಾನ್ಸ್. ಹುಡುಗಿ ಎರಡನೆಯದನ್ನು ಆರಿಸಿಕೊಂಡು ಇನ್‌ಸ್ಕ್ರಿಪ್ಟ್ ಕೀ ಒತ್ತುತ್ತಿದ್ದಳು. ಸೆಟ್ಟಿಂಗ್ಸ್‌ಗೆ ಹೋಗಿ ಐಟ್ರಾನ್ಸ್ ತೆಗೆದೆ, 'ಕಾ' ಬಂತು.

ವಿಂಡೋಸ್ ಇರುವವರಿಗೆ ಒಂದು ಮಾತು. ವಿಂಡೋಸ್ 7ರಿಂದ ಇರುವ ಸ್ಟೆಪ್ಸ್ ರೆಕಾರ್ಡರ್ ಪ್ರತಿ ಕ್ಲಿಕ್‌ಗೂ ಚಿತ್ರ ತೆಗೆಯುತ್ತದೆ, ಆದರೆ ಟೈಪ್ ಮಾಡಿದ ಅಕ್ಷರಗಳನ್ನು ಬರೆದಿಡುವುದಿಲ್ಲ. ಇಂಥ ತೊಂದರೆಗೆ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ವಿಡಿಯೊ ಮಾಡುವುದೇ ಒಳ್ಳೆಯದು.

ಆ ವಿಡಿಯೊ ಈಗಲೂ ಇಟ್ಟುಕೊಂಡಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಕನ್ನಡ ಟೈಪಿಂಗ್ ಹೇಳಿಕೊಡುವ ಮೊದಲು ಅದನ್ನೇ ತೋರಿಸುತ್ತೇನೆ.